ನಮ್ಮ ಮಠದ ನವಿಲು

ಹಳ್ಳದ ದಂಡೆಯಲ್ಲೊಂದು ಮಠ. ಅಲ್ಲಿ ವಯಸ್ಸಾದ ಗುರು, ಒಬ್ಬನೇ ಶಿಷ್ಯ ಚೆನ್ನವೀರ. ಮಠದ ಹುಣಸೆತೋಪಿನ ತುಂಬ ನವಿಲು.

ಬಂದ ಭಕ್ತರಿಗೆಲ್ಲ ಚೆನ್ನವೀರ ಉದುರಿದ ಗರಿ ಕೊಡುತ್ತಿದ್ದ. "ತಗೊಳ್ಳಿ, ನಮ್ಮ ಮಠದ ನವಿಲಿಂದು" ಎನ್ನುವಾಗ ಅವನ ಮುಖ ನೋಡಬೇಕಿತ್ತು. ತಾನೇ ಕಾವು ಕೂತು ಮರಿ ಮಾಡಿದವನ ಹಾಗೆ!

ಒಂದು ಬೆಳಿಗ್ಗೆ ಬೇಲಿಯಾಚೆ ಹೊಲದ ಗಾದ್ರಮ್ಮ ಬಂದಳು.

"ನೋಡಪ್ಪಾ, ಬಿತ್ತಿದ ಶೇಂಗಾನೆಲ್ಲಾ ನಿಮ್ಮ ನವಿಲು ಕೆದರಿ ತಿಂದ್ವು. ಮನೇಲಿ ಇನ್ನೊಂದು ಬಿತ್ತನೆಗಾಗೋಷ್ಟು ಬೀಜ ಐತೆ. ಅದೂ ಹೋದ್ರೆ ಈ ವರ್ಷ ಹೊಲ ಬೀಳು ಬಿದ್ದಂಗೇ."

"ಅವು ನಮ್ಮವಲ್ಲಮ್ಮಾ," ಎಂದ ಚೆನ್ನವೀರ. "ಕಾಡಿನ ಹಕ್ಕಿ. ನಾವೇನು ಮಾಡೋಕಾಗ್ತದೆ?"

ಗಾದ್ರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಹೋದಳು.

ಜಗಲಿಯ ಮೇಲಿದ್ದ ಗುರು ಕೇಳಿದರು: "ನವಿಲು ನಮ್ಮವಲ್ಲವೇನೋ?"

"ಅಲ್ಲ, ಬುದ್ಧಿ."

"ಮತ್ತೆ ನಮ್ಮ ತೋಪಿನಲ್ಲಿ ಯಾಕಿವೆ? ಓಡಿಸು."

ಚೆನ್ನವೀರ ಖಾಲಿ ಡಬ್ಬ ಬಡಿದು ಓಡಿಸಿದ. ನವಿಲುಗಳು ಬೇಲಿ ಹಾರಿ ನೆಟ್ಟಗೆ ಗಾದ್ರಮ್ಮನ ಹೊಲದಲ್ಲಿ ಇಳಿದವು.

"ಓಡಿಸಿದೆ, ಬುದ್ಧಿ."

"ಎಲ್ಲಿಗೆ?"

ಚೆನ್ನವೀರ ಕೈ ತೋರಿಸಿದ.

"ಅಯ್ಯೋ, ಕರ್ಕೊಂಡು ಬಾರೋ!"

"ಓಡಿಸು ಅಂದೋರು ನೀವೇ!"

"ಅಂದೆ. ಈಗ ಕರಿ ಅಂತಿದೀನಿ."

"ಕರೆದ್ರೆ ಬರೋಕೆ ಅವೇನು ನಮ್ಮ ಹಸುಗಳಾ?"

"ನಮ್ಮ ಹಸು ಹೋಗಿ ಮೇಯ್ದಿದ್ರೆ ಏನು ಮಾಡ್ತಿದ್ದೆ?"

"ತಪ್ಪಾಯ್ತು ಅಂತ ಹಿಡ್ಕೊಂಡು ಬರ್ತಿದ್ದೆ. ಆದ್ರೆ ಇವು..."

ಚೆನ್ನವೀರನ ತಲೆ ಮೊಸರುಗಡಿಗೆಯಾಯಿತು. ಇಟ್ಟುಕೊಂಡರೂ ತಪ್ಪು, ಓಡಿಸಿದರೂ ತಪ್ಪು!

ಅಷ್ಟರಲ್ಲಿ ಭಕ್ತರೊಬ್ಬರು ಬಂದರು. ಅಭ್ಯಾಸಬಲ ನೋಡಿ, ಚೆನ್ನವೀರ ಗರಿಯೊಂದನ್ನು ಎತ್ತಿ ಮುಂದೆ ಚಾಚಿದ.

"ತಗೊಳ್ಳಿ, ನಮ್ಮ ಮಠದ..."

ಮಾತು ಅಲ್ಲೇ ನಿಂತಿತು. ಕೈಯೂ ಅಲ್ಲೇ ನಿಂತಿತು.

ಗುರು ಎದ್ದು ಆ ಡಬ್ಬ ಕಂಕುಳಲ್ಲಿ ಇಟ್ಟುಕೊಂಡರು. ಕೋಲೂರುತ್ತಾ ಬೇಲಿಯ ಕಡೆ ಹೊರಟರು.

"ಎಲ್ಲಿಗೆ, ಬುದ್ಧಿ?"

"ಗಾದ್ರಮ್ಮ ಮತ್ತೆ ಬಿತ್ತಲಿ. ಪೈರು ಬಲಿಯೋವರೆಗೂ ಹೊಲ ಕಾಯ್ತೀನಿ."

ಚೆನ್ನವೀರ ಗರಿ ಹಿಡಿದುಕೊಂಡೇ ಹಿಂದೆ ಓಡಿದ.

"ಈ ವಯಸ್ಸಿನಲ್ಲಾ? ನನಗೇನೂ ತಿಳೀತಿಲ್ಲ, ಬುದ್ಧಿ. ಆ ನವಿಲು ಯಾರವು, ನೀವಾದ್ರೂ ಹೇಳಿಬಿಡಿ!"

ಗುರು ನಿಂತು ಅವನ ಕೈಯಲ್ಲಿದ್ದ ಗರಿಯನ್ನು ನೋಡಿದರು.

"ಗರಿ ನಮ್ಮದು ಅಂತೀಯ. ಶೇಂಗಾ ತಿಂದ ಹೊಟ್ಟೆ ಯಾರದೋ, ಚೆನ್ನವೀರ?"