ಆನೆಮರಿಯ ಸುದ್ದಿ

ಸಂಗಯ್ಯನೆಂಬ ಶಿಷ್ಯ ಬಂದು ಕೇಳಿದ: “ಗುರುಗಳೇ, ವಾರಕ್ಕೊಮ್ಮೆ ಮೇಲಿನ ಹಟ್ಟಿಗೆ ಕತೆ ಹೇಳಲು ಹೋಗುತ್ತೇನೆ. ಅಷ್ಟು ದೂರ ನಡೆದರೆ ಕೇಳಲು ಬರುವವಳು ಒಬ್ಬಳೇ ಮುದುಕಿ. ಬಿಟ್ಟುಬಿಡಲೇ?”

ಗುರುಗಳು ನಕ್ಕರು. “ನೋಯುತ್ತಿರುವುದು ಕಾಲೋ, ಮನಸ್ಸೋ? ಇರಲಿ, ಕೂತುಕೋ” ಎಂದು ಶುರುಮಾಡಿದರು.

ಒಂದು ದೊಡ್ಡ ಇಂಗ್ಲಿಷ್ ಪತ್ರಿಕೆ. ಹುಟ್ಟುವಾಗಲೇ ದೊಡ್ಡದೇನಲ್ಲ. ಬಂದರಿಗೆ ಯಾವ ಹಡಗು ಬಂತು, ಯಾವುದು ಹೋಯಿತು ಎಂದು ಬಿಳಿಯ ದೊರೆಗಳಿಗೆ ತಿಳಿಸಲು ಹೊರಟ ಒಂದೇ ಒಂದು ಹಾಳೆ. ದೊರೆಗಳು ಹಡಗು ಹತ್ತಿ ಹೋದರು, ಹಾಳೆ ಇಲ್ಲೇ ಉಳಿಯಿತು! ನಮ್ಮವರು ಅದನ್ನು ಕೈಗೆತ್ತಿಕೊಂಡರು. ಊರೂರಲ್ಲಿ ಅಚ್ಚಾಯಿತು, ರೈಲು ಹತ್ತಿತು, ವಿಮಾನ ಹತ್ತಿತು. ಸಂಪಾದಕನಿಗೆ ಹೆಮ್ಮೆಯೋ ಹೆಮ್ಮೆ.

ತನ್ನ ಪತ್ರಿಕೆ ಎಲ್ಲಿಯವರೆಗೆ ಹೋಗುತ್ತದೆ, ಕಣ್ಣಾರೆ ನೋಡಿಬಿಡೋಣ ಎಂದು ಅವನು ಕಟ್ಟಿನ ಜೊತೆಗೇ ಹೊರಟ. ರೈಲು ಇಳಿದ, ಬಸ್ಸು ಇಳಿದ. ಹೋದ ಹಾಗೆಲ್ಲ ಕಟ್ಟು ಸಣ್ಣದಾಯಿತು. ಕೊನೆಗೆ ಹೊಳೆ ದಾಟಲು ದೋಣಿ ಹತ್ತುವಾಗ ಉಳಿದದ್ದು ಒಂದೇ ಪ್ರತಿ. ಆಚೆಯ ಹಳ್ಳಿಯಲ್ಲಿ ಇಂಗ್ಲಿಷ್ ಬರುವವರು ಮೇಷ್ಟರೊಬ್ಬರೇ ಎಂದು ಅಂಬಿಗ ಹೇಳಿದ.

ದಡದಲ್ಲಿ ಊರಿಗೆ ಊರೇ ನಿಂತಿತ್ತು. ತನ್ನನ್ನು ಎದುರುಗೊಳ್ಳಲು ಬಂದಿದ್ದಾರೆಂದು ಸಂಪಾದಕ ಶಾಲು ಸರಿಮಾಡಿಕೊಂಡ. ಎಲ್ಲಿಯ ಶಾಲು! ಎಲ್ಲರ ಕಣ್ಣೂ ಪತ್ರಿಕೆಯ ಮೇಲೆ. ಅವನಿಗೆ ಮುಖಭಂಗವಾಯಿತು. “ನಾನೇ ಇದರ ಸಂಪಾದಕ. ಒಬ್ಬರು ಓದುವುದಕ್ಕೆ ಇಷ್ಟು ದೂರ ಕಳಿಸಲಾಗದು, ನಾಳೆಯಿಂದ ನಿಲ್ಲಿಸುತ್ತೇನೆ” ಎಂದುಬಿಟ್ಟ.

ಒಬ್ಬ ಅಜ್ಜಿ ಮುಂದೆ ಬಂದಳು. “ನಿಲ್ಲಿಸು ಮಗಾ, ಬೇಡ ಅನ್ನುವುದಿಲ್ಲ. ತಾಯಿ ತಪ್ಪಿದ ಆನೆಮರಿಯ ಸುದ್ದಿ ಹಾಕಿದ್ದೆಯಲ್ಲ, ಅದಕ್ಕೆ ತಾಯಿ ಸಿಕ್ಕಿತೋ ಇಲ್ಲವೋ? ಅಷ್ಟು ಹೇಳಿ ನಿಲ್ಲಿಸು.”

ಸಂಪಾದಕ ಕಕ್ಕಾಬಿಕ್ಕಿ. ಆ ಸುದ್ದಿಯೇ ಅವನಿಗೆ ನೆನಪಿರಲಿಲ್ಲ. ಆ ಊರಿನ ಕಟ್ಟಳೆಯನ್ನು ಮೇಷ್ಟರು ವಿವರಿಸಿದರು: ಅವರು ಓದಿ ಕನ್ನಡದಲ್ಲಿ ಹೇಳಬೇಕು, ಊರು ಕೇಳಬೇಕು. ಅರ್ಧಕ್ಕೆ ನಿಂತ ಸುದ್ದಿಯ ತುದಿಯನ್ನು ಮೊದಲು ಹುಡುಕಬೇಕು, ಆಮೇಲೆಯೇ ಹೊಸದು. ಆನೆಮರಿಯ ತುದಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಸಂಪಾದಕ ಅದೇ ದೋಣಿಯಲ್ಲಿ ಹಿಂದಕ್ಕೆ ಹೋಗಿ ಕಚೇರಿಗೆ ಫೋನು ಮಾಡಿದ. “ಅವತ್ತೇ ಸಿಕ್ಕಿತಲ್ಲ ಸಾರ್, ಸಣ್ಣ ಸುದ್ದಿ ಎಂದು ಬಿಟ್ಟೆವು” ಎಂದರು. ಅವನು ಏದುಸಿರು ಬಿಡುತ್ತ ಬಂದು ಹೇಳಿದರೆ ಊರಿನವರು ಒಪ್ಪಬೇಕಲ್ಲ! ಬಾಯಿಮಾತು ಬೇಡ, ಪೇಪರಿನಲ್ಲೇ ಬರಲಿ ಎಂದರು.

ಮತ್ತೆ ದೋಣಿ, ಮತ್ತೆ ಫೋನು. ಮರುದಿನ ಸುದ್ದಿ ಬಂತು, ಮೊದಲ ಪುಟದಲ್ಲೇ. ಮೇಷ್ಟರು ಓದಿದ್ದೇ ತಡ, ಶಿಳ್ಳೆಯೇನು, ತಮಟೆಯೇನು! ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದಳು. ಊರವರು ಕೊಟ್ಟ ಬೆಲ್ಲ ಬಾಯಲ್ಲಿಟ್ಟುಕೊಂಡು ಸಂಪಾದಕನೂ ಚಪ್ಪಾಳೆ ತಟ್ಟಿದ. ತನ್ನ ಜೀವಮಾನದಲ್ಲಿ ಅವನು ಅಂಥ ಖುಷಿ ಕಂಡಿರಲಿಲ್ಲ. ಆ ಒಂದು ಪ್ರತಿ ಇವತ್ತಿಗೂ ಹೊಳೆ ದಾಟುತ್ತದೆ.

ಸಂಗಯ್ಯ ಅಜ್ಜಿಯ ಕುಣಿತ ನೆನೆದು ನಕ್ಕ. ಆಮೇಲೆ ಅಂದ: “ಆದರೂ ಗುರುಗಳೇ, ಆ ಮೇಷ್ಟರ ಸುತ್ತ ಒಂದು ಊರೇ ಇತ್ತು. ನನಗಿರುವುದು ಒಬ್ಬ ಮುದುಕಿ.”

“ಅದಿರಲಿ ಸಂಗಯ್ಯ, ಹೋದ ವಾರ ಅವಳಿಗೆ ಕತೆಯನ್ನು ಎಲ್ಲಿಗೆ ನಿಲ್ಲಿಸಿ ಬಂದೆ?”