ಮೊದಲೇ ಕೊಟ್ಟ ಸಂಬಳ

"ಗುರುಗಳೇ, ಓದುವ ಹುಡುಗರಿಗೆ ಸಂಬಳ ಏಕೆ? ಅದೂ ಕೆಲಸ ನೋಡುವ ಮೊದಲೇ?"

ಕೇಳಿದವನು ಶಿಷ್ಯ ಗುರುಪಾದ, ಮಠದ ಹಣಕಾಸು ನೋಡಿಕೊಳ್ಳುವವನು. ಗುರುಗಳು ಒಂದು ಶಾಸ್ತ್ರಗ್ರಂಥದ ಮೇಲೆ ವರ್ಷಗಟ್ಟಲೆ ಕೂತು ಬರೆದ ಟೀಕೆಯನ್ನು ಹಳೆಯ ತಾಳೆಯೋಲೆಗಳೊಡನೆ ಹೋಲಿಸಿ ತಪ್ಪು ಹುಡುಕಲು ಪಾಠಶಾಲೆಯ ವಿದ್ಯಾರ್ಥಿಗಳನ್ನು ನೇಮಿಸಬೇಕಾಗಿತ್ತು. ಅವರಿಗೆ ಸಂಬಳ ಮೊದಲೇ ಕೊಟ್ಟುಬಿಡು ಎಂದು ಗುರುಗಳ ಅಪ್ಪಣೆ. ಗುರುಸೇವೆಗೆ ದುಡ್ಡೆಂಬುದೇ ಗುರುಪಾದನಿಗೆ ಸರಿಕಾಣಲಿಲ್ಲ. ಕೊಡಲೇಬೇಕಾದರೆ ಅವರು ಏನು ತರುತ್ತಾರೋ ನೋಡಿಕೊಂಡು ಕೊಡೋಣ ಎಂದು ವಾದಿಸಿದ.

ಗುರುಗಳು ನಕ್ಕರು. "ಸದ್ಯಕ್ಕೆ ಹಣದ ಗಂಟು ನಿನ್ನ ಸೊಂಟದಲ್ಲೇ ಇರಲಿ. ಕೂತುಕೊಂಡು ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಕಾಮಾಲೆಗೆ ಅವನ ಕಷಾಯವೆಂದರೆ ಸುತ್ತಲ ಸೀಮೆಗೆಲ್ಲ ಹೆಸರು. ಆ ಕಷಾಯದ ಮೇಲೆ ಅವನೊಂದು ಗ್ರಂಥವನ್ನೂ ಬರೆಯುತ್ತಿದ್ದ. ಮುಗಿಸುವ ಮೊದಲು, ಕುಡಿದವರೆಲ್ಲ ಏನಾದರು ಎಂದು ಮನೆಮನೆಗೆ ಹೋಗಿ ವಿಚಾರಿಸಲು ತನ್ನಲ್ಲಿ ಓದುತ್ತಿದ್ದ ಒಬ್ಬ ಬಡ ವಿದ್ಯಾರ್ಥಿಯನ್ನು ನೇಮಿಸಿದ. ಹೊರಡುವ ದಿನವೇ ಪೂರ್ತಿ ಸಂಬಳ ಕೈಗಿಟ್ಟ. ವಿದ್ಯಾರ್ಥಿ ಅದನ್ನು ತಾಯಿಗೆ ಕೊಟ್ಟ. ಉಂಡ ಮನೆಯ ಜಂತೆ ಎಣಿಸಬೇಡ ಮಗಾ ಎಂದು ತಾಯಿ ಬುದ್ಧಿ ಹೇಳಿ ಕಳಿಸಿದಳು.

ಮೊದಮೊದಲು ಕೆಲಸ ಹಗುರವಾಗಿತ್ತು. ಬದುಕಿದವರು ಜಗಲಿಗೆ ಕರೆದು, ಮಜ್ಜಿಗೆ ಕೊಟ್ಟು, ವೈದ್ಯನನ್ನು ಬಾಯಿ ತುಂಬ ಹೊಗಳಿದರು. ಅಷ್ಟಕ್ಕೇ ಹಿಂದಿರುಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸತ್ತವರು ಎದ್ದು ಬಂದು ಸಾಕ್ಷಿ ಹೇಳುತ್ತಾರೆಯೇ? ಆದರೆ ಅವನು ಸತ್ತವರ ಮನೆಗಳಿಗೂ ಹೋದ. ಕಾಮಾಲೆ ಬಂದರೂ ಕಷಾಯವನ್ನು ಕಣ್ಣಲ್ಲೂ ಕಾಣದವರ ಮನೆಗಳಿಗೂ ಹೋದ. ಕುಡಿದವರಲ್ಲಿ ನೂರಕ್ಕೆ ಎಷ್ಟು ಮಂದಿ ಬದುಕಿದ್ದರೋ ಕುಡಿಯದವರಲ್ಲೂ ಅಷ್ಟೇ ಮಂದಿ ಬದುಕಿದ್ದರು. ಕಷಾಯ ಬರೀ ಕಹಿನೀರು ಎಂದು ಅವನಿಗೆ ತಿಳಿದುಹೋಯಿತು.

ಹಿಂದಿರುಗುವ ದಾರಿಯಲ್ಲಿ ಕಾಲು ಮುಂದೆ ಬರಲಿಲ್ಲ. ಅನ್ನ ಕೊಟ್ಟವರ ಮುಖಕ್ಕೆ ಇದನ್ನು ಹೇಗೆ ಹೇಳುವುದು? ಹೇಳಿದರೆ ಓದು ಅಲ್ಲಿಗೇ ನಿಂತೀತು. ಹೇಳದಿದ್ದರೆ ಇನ್ನೆಷ್ಟು ಜನ ಆ ನೀರನ್ನೇ ನಂಬಿಕೊಂಡು, ಬೇರೆ ಮದ್ದು ಹುಡುಕದೆ ಸಾಯಬೇಕೋ. ದಾರಿಯುದ್ದಕ್ಕೂ ತೂಗಿ ನೋಡಿದ. ಸಂಬಳ ಆಗಲೇ ಕೈಸೇರಿತ್ತು, ತಾಯಿ ಉಂಡಾಗಿತ್ತು. ಸುಳ್ಳು ಹೇಳಿ ಸಂಪಾದಿಸಬೇಕಾದ ಅನ್ನ ಒಂದಗುಳೂ ಉಳಿದಿರಲಿಲ್ಲ.

ಬಂದವನೇ ವೈದ್ಯನಿಗೆ ಎಲ್ಲವನ್ನೂ ಹೇಳಿದ. ಆ ಹುಡುಗನನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ವೈದ್ಯ ಎದ್ದು ಹೋಗಿ, ಕಷಾಯ ಕುದಿಯುತ್ತಿದ್ದ ಒಲೆಗೆ ನೀರು ಸುರಿದ. ದಾರಿಯಲ್ಲಿ ಹೋಗುವ ಮಾರಿಯನ್ನು ದುಡ್ಡು ಕೊಟ್ಟು ಮನೆಗೆ ಕರೆದ ಎಂದು ಊರವರು ಆಡಿಕೊಂಡರು. ಅವನ ಮನಸ್ಸು ಎಷ್ಟು ದೊಡ್ಡದು ನೋಡು. ಮಾರನೆಯ ದಿನ ಅದೇ ವಿದ್ಯಾರ್ಥಿಯನ್ನು ಕರೆದು, ಮತ್ತೆ ಮೊದಲೇ ಸಂಬಳ ಕೊಟ್ಟು, "ನನ್ನ ಕೆಮ್ಮಿನ ಲೇಹ್ಯದ ಸಂಗತಿಯನ್ನೂ ವಿಚಾರಿಸಿಕೊಂಡು ಬಾ" ಎಂದು ಕಳಿಸಿದ.

ಕತೆ ಮುಗಿಯಿತು. ಗುರುಪಾದ ಸೊಂಟದ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಏನೇ ಹೇಳಿ ಗುರುಗಳೇ, ಉಂಡ ಮನೆಯ ಜಂತೆ ಎಣಿಸಿದ ಹಾಗಾಯಿತಲ್ಲ."

ಗುರುಗಳು ತಮ್ಮ ಟೀಕೆಯ ಕಟ್ಟನ್ನು ಅವನ ಮುಂದಕ್ಕೆ ಸರಿಸಿದರು.

"ಜಂತೆ ಎಣಿಸಲೆಂದೇ ಊಟಕ್ಕೆ ಕರೆದವನ ಮನೆ ಬೀಳುವುದಿಲ್ಲ, ಗುರುಪಾದ."

ಗುರುಪಾದ ಗಂಟು ಬಿಚ್ಚಿದ.