ಬಿಚ್ಚಿ ಕೂರಿಸಿದ ಕಲ್ಲು

"ಗುರುಗಳೇ, ನನ್ನನ್ನು ನಾಲ್ಕು ಜನರ ಮುಂದೆ ಬೈದವನಿಗೆ ಇವತ್ತು ನಾನೇ ಊಟ ಬಡಿಸಬೇಕು. ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬಡಿಸಲೇ?" ಎಂದು ಶಿಷ್ಯ ಕೇಳಿದ.

ಗುರು ಹೊಳೆಯ ಕಡೆ ನೋಡುತ್ತ ಹೇಳಿದರು:

ಒಬ್ಬ ಕಲ್ಲುಕುಟಿಗನಿದ್ದ. ಹುಟ್ಟಿದ್ದೇ ಒಬ್ಬ ಧಣಿಯ ಮನೆಯ ಜೀತದಲ್ಲಿ. ಆ ಧಣಿಯ ಕೈ ಎಂಥದ್ದು ಎಂಬುದನ್ನು ಇವನ ಬೆನ್ನನ್ನೇ ಕೇಳಬೇಕು. ಆ ಸೀಮೆಯ ಅರಸ ಇವನ ಕೆಲಸ ಕಂಡು ಜೀತ ಬಿಡಿಸಿದ. ಆಮೇಲೆ ಸೇತುವೆ ಕಟ್ಟುವುದರಲ್ಲಿ ಇವನು ಹೆಸರಾದ. ಹಿಂದೆ 'ಲೇ' ಎಂದವರೇ 'ಬನ್ನಿ ಮೇಸ್ತ್ರಿಗಳೇ' ಎಂದು ಚಾಪೆ ಹಾಸಿದರು. ಅವರಿಗೆ ನಾಚಿಕೆಯೇನೂ ಆಗಲಿಲ್ಲ, ಬಿಡು.

ಕೊನೆಗೆ ಹುಟ್ಟೂರಿನ ಹೊಳೆಗೇ ಸೇತುವೆ ಕಟ್ಟುವ ಕೆಲಸ ಬಂತು. ಆ ಊರಿನಲ್ಲಿ ಒಂದು ಕಟ್ಟಳೆ. ಹೊಸ ಸೇತುವೆಯನ್ನು ಊರಿಗೆಲ್ಲ ಹಿರಿಯನಾದವನು ಮೊದಲು ದಾಟಬೇಕು. ಅವನು ದಾಟದಿದ್ದರೆ ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಹಿರಿಯ ಯಾರು? ಅದೇ ಧಣಿ.

ಕಮಾನು ಕೂಡಿತು. ಕೆಳಗಿನ ಮರದ ಆಸರೆ ತೆಗೆಯುವ ಮುಂಚೆ ಕುಟಿಗ ಒಬ್ಬನೇ ಹತ್ತಿ, ಕಮಾನನ್ನೆಲ್ಲ ಹಿಡಿದಿಡುವ ನಡುವಿನ ಕಲ್ಲನ್ನು ಬಿಚ್ಚಿ ಮತ್ತೆ ಕೂರಿಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಂಡರು. ಇನ್ನೇನು ಬೇಕು? ಬಟ್ಟೆ ಒಣಗುವುದರೊಳಗೆ ಊರಿಡೀ ಸುದ್ದಿ: "ಸೇತುವೆಯಲ್ಲ ಕಣ್ರೇ, ಧಣಿಗೆ ಗೋರಿ ಕಟ್ಟಿದ್ದಾನೆ!"

ದಾಟುವ ದಿನ ಧಣಿ ಅಂಚಿನಲ್ಲೇ ನಿಂತುಬಿಟ್ಟ. ಕೋಲಿನಿಂದ ಕಲ್ಲು ತಟ್ಟಿದ. ಕಾಲು ಮುಂದೆ ಬರಲಿಲ್ಲ. ಅವನು ಹಿಂದಿರುಗಿದರೆ ಸೇತುವೆ ಪಾಳು, ತನ್ನ ಹೆಸರೂ ಮಣ್ಣುಪಾಲು ಎಂದು ಕುಟಿಗನಿಗೆ ಗೊತ್ತಿತ್ತು.

"ಏನೋ, ಆ ಕಲ್ಲು ಯಾಕೆ ಬಿಚ್ಚಿದೆ?"

"ಅದನ್ನು ಮೊದಲು ಕೂರಿಸುವಾಗ ನೀವು ದಡದಲ್ಲಿ ನಿಂತು, 'ನಮ್ಮನೆ ಜೀತದವನು ನೋಡ್ರೋ' ಎಂದು ಕೂಗಿದಿರಿ, ಧಣಿ. ಸಿಟ್ಟಿಗೆ ನನ್ನ ಕೈ ನಡುಗಿತು. ನಡುಗುವ ಕೈಯಲ್ಲಿ ಕೂರಿಸಿದ ಕಲ್ಲನ್ನು ನಾನೇ ನಂಬಲಾರೆ. ಅದಕ್ಕೇ ಬಿಚ್ಚಿ ಮತ್ತೆ ಕೂರಿಸಿದೆ. ಬನ್ನಿ, ವಯಸ್ಸಾಗಿದೆ, ಕೈ ಕೊಡಿ."

ಕುಟಿಗ ಚಾಚಿದ ಆ ಕೈಯನ್ನು ಮುದುಕ ನೋಡಿದ. ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ದಾಟಿದರು. ಅವರ ಹಿಂದೆ ಊರು ದಾಟಿತು. ಗೋರಿ ಎಂದವರೇ ಎಲ್ಲರಿಗಿಂತ ಮುಂದೆ.

"ಹಾಗಾದರೆ ಅವನ ಸಿಟ್ಟು ಇಳಿದಿತ್ತೇ?" ಎಂದು ಶಿಷ್ಯ ಕೇಳಿದ.

"ಇಳಿಯಲಿ ಎಂದು ಕಾದಿದ್ದರೆ, ಮಗು, ನಾವು ಇವತ್ತಿಗೂ ಈ ಹೊಳೆಯನ್ನು ಈಜಿಕೊಂಡೇ ದಾಟಬೇಕಿತ್ತು."